ಅತ್ತೆ ಅತ್ತ ತಿರುಗಿದಾಗ

ಈ ಕತೆ ಅಪ್ಪಟ ನಿಜ. ಸುಳ್ಳೇನಾದರೂ ಸೇರಿದ್ದರೆ ಅದು ಎಲ್ಲಕ್ಕಿಂತ ಕೆಳಗಿನ ಪದರದಲ್ಲಿದೆ, ಮೇಲಿನಿಂದ ನೋಡುವವರ ಕಣ್ಣಿಗೆ ಬೀಳದು. ಆದ್ದರಿಂದ ನಿಶ್ಚಿಂತೆಯಿಂದ ನಂಬಬಹುದು.

ಸೈಕಲ್ ರಿಪೇರಿ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಪುಟ್ಟ ಕಂಪನಿ ಇತ್ತು. ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವ ಸಾಫ್ಟ್‌ವೇರ್ ತಯಾರಿಸುವುದು ಅವರ ಕಸುಬು. ಕೆಳಗಿನ ಅಂಗಡಿಯಲ್ಲಿ ಚಕ್ರ ತಿರುಗಿದರೆ ಗಿರಾಕಿಗೆ ಖುಷಿ, ಮೇಲಿನ ಅಂಗಡಿಯಲ್ಲಿ ಚಕ್ರ ತಿರುಗಿದರೆ ಗಿರಾಕಿಗೆ ಮೈಯೆಲ್ಲ ಉರಿ. ಮೇಲಿನ ಚಕ್ರ ಎಂದರೆ ಪರದೆಯ ನಟ್ಟನಡುವೆ ‘ತಾಳಿ, ಸ್ವಲ್ಪ ತಾಳಿ’ ಎನ್ನುವಂತೆ ಗಿರಗಿರ ಸುತ್ತುವ ನೀಲಿ ಬಳೆ.

ಆ ಬಳೆಯನ್ನು ಒಡೆಯುವ ಪಣ ತೊಟ್ಟವಳು ಬೇಗಮ್ಮ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ. ಆದರೆ ಲಿಫ್ಟು, ಕಾಫಿ, ಕಂಪ್ಯೂಟರು, ಕೊನೆಗೆ ಮಂಗಳವಾರ ಕೂಡ ಬೇಗ ಆಗಬೇಕು ಎನ್ನುವವಳಿಗೆ ಆಫೀಸಿನಲ್ಲಿ ಇನ್ನಾವ ಹೆಸರು ತಾನೇ ಅಂಟೀತು? ಅಂಟಿಸಿದವನು ಗಿಣಿ. ಪ್ರೋಗ್ರಾಂ ಬರೆಯುವವರ ತಪ್ಪು ಹುಡುಕುವುದಕ್ಕೆಂದೇ ಸಂಬಳ ಪಡೆಯುವ ಗಿಣಿಗೆ ಯಾರ ದನಿ ಕಿವಿಗೆ ಬಿದ್ದರೂ ಸಾಕು, ಮರುಗಳಿಗೆಯೇ ಅದು ಅವನ ಗಂಟಲಿನಲ್ಲಿ ಮನೆ ಮಾಡುತ್ತಿತ್ತು. ಅವನ ಮೆಚ್ಚಿನ ದನಿ ಯಜಮಾನರದು. ಅವರು ಯಾವ ಮಾತನ್ನೂ ‘ಒಟ್ಟಿನಲ್ಲಿ ಹೇಳೋದಾದ್ರೆ’ ಎಂಬ ಪೀಠಿಕೆಯಿಲ್ಲದೆ ಶುರುಮಾಡಿದವರಲ್ಲ. ಒಮ್ಮೆ ಸೀನು ಬಂದಾಗಲೂ ‘ಒಟ್ಟಿನಲ್ಲಿ’ ಎಂದು ಆಮೇಲೆ ಸೀನಿದರು ಎಂಬುದು ಗಿಣಿಯ ವಾದ.

ಯಜಮಾನರು ಆ ಸೋಮವಾರ ಎಲ್ಲರನ್ನೂ ದೊಡ್ಡ ಮೇಜಿನ ಸುತ್ತ ಕೂರಿಸಿಕೊಂಡರು.

“ಒಟ್ಟಿನಲ್ಲಿ ಹೇಳೋದಾದ್ರೆ, ಮುಂದಿನ ವರ್ಷನ್‌ನಿಂದ ಒಂದು ಚಿತ್ರಕ್ಕೆ ಇಪ್ಪತ್ತೇ ಲೇಯರು. ಅದಕ್ಕಿಂತ ಜಾಸ್ತಿ ಹಾಕಿದ್ರೆ ನಮ್ಮ ಸಾಫ್ಟ್‌ವೇರ್ ತಿಣುಕುತ್ತೆ, ಜನ ನಮಗೆ ಬೈತಾರೆ. ಮಿತಿ ಹಾಕಿಬಿಟ್ರೆ ಬೈಯೋಕೆ ಜಾಗಾನೇ ಇರಲ್ಲ.”

“ನಮ್ಮ ಅತ್ತೆ ಚಿತ್ರದಲ್ಲಿ ಇನ್ನೂರು ಚಿಲ್ಲರೆ ಲೇಯರ್ ಇದೆ ಸಾರ್,” ಅಂದಳು ಬೇಗಮ್ಮ.

“ಎಲ್ಲಾ ಸೇರಿಸಿ ಒಂದು ಮಾಡ್ಕೊಳ್ಳಲಿ.”

“ಒಂದು ಮಾಡಿದ್ರೆ ಕಿಟಕಿಗಳು ಗೋಡೆಗೆ ಅಂಟಿಕೊಂಡುಬಿಡುತ್ತವೆ. ಆಮೇಲೆ ಒಳಗಿರೋರನ್ನ ಬದಲಾಯಿಸೋಕೇ ಆಗಲ್ಲ. ಅತ್ತೆ ಚಿತ್ರ ಅಲ್ಲಿಗೆ ಮುಗೀತು.”

ಅತ್ತೆ ಎಂದರೆ ಬೇಗಮ್ಮನ ಅಪ್ಪನ ತಂಗಿ. ಇವಳಿನ್ನೂ ಗೋಡೆ ಹಿಡಿದು ನಡೆಯುತ್ತಿದ್ದಾಗಲೇ ಇವಳ ಕೈಗೆ ಬಣ್ಣದ ಪೆನ್ಸಿಲು ಕೊಟ್ಟು ಆ ಗೋಡೆಯ ಗತಿ ಕಾಣಿಸಿದವರು. ಈ ಕಂಪನಿಯ ಮೊಟ್ಟಮೊದಲ ಗಿರಾಕಿಯೂ ಅವರೇ. ಅವರೀಗ ಒಬ್ಬ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಚಾವಣಿಗೆ ಚಿತ್ರ ಬರೆಯುತ್ತಿದ್ದರು. ಕುರ್ಚಿಯಲ್ಲಿ ಅಂಗಾತ ಮಲಗಿ ಬಾಯಿ ಕಳೆದವರು ನೋಡುವುದಕ್ಕೆ ಮೇಲೆ ಒಂದು ಉದ್ದನೆಯ ಬೀದಿ. ಬೀದಿಯ ಎರಡೂ ಕಡೆ ಮನೆಗಳು, ಮನೆಗೆಲ್ಲ ಕಿಟಕಿಗಳು, ಒಂದೊಂದು ಕಿಟಕಿಯಲ್ಲೂ ಒಂದೊಂದು ಜೀವ. ಕಿಟಕಿ ಒಂದು ಪದರ, ಅಂದರೆ ಲೇಯರು, ಕಿಟಕಿಯ ಪರದೆ ಇನ್ನೊಂದು, ಒಳಗಿನ ಮುಖ ಮತ್ತೊಂದು, ಅದರ ನೆರಳು ಮಗದೊಂದು. ಡಾಕ್ಟರಿಗೆ ದಿನಕ್ಕೊಂದು ಹೊಸ ಬೇಡಿಕೆ. “ಜೋಳ ಕಡಿಯೋ ಅಜ್ಜನ್ನ ತೆಗೀರಿ ಮೇಡಂ, ಅವನನ್ನ ನೋಡಿದ್ರೆ ಪೇಷೆಂಟುಗಳಿಗೆ ಹಲ್ಲು ಜುಂ ಅನ್ನುತ್ತಂತೆ.” ಅಜ್ಜ ಹೋಗಿ ಕೊಳಲಿನವನು ಬಂದರೆ, “ಅವನ ಮುಂದಿನ ಹಲ್ಲು ಸೊಟ್ಟಗಿದೆ, ನಮ್ಮ ಕ್ಲಿನಿಕ್ಕಿಗೆ ಕೆಟ್ಟ ಹೆಸರು.” ಹೀಗೆ ಒಂದೊಂದು ಕಿಟಕಿಯಲ್ಲೂ ಬಾಡಿಗೆದಾರರು ಬದಲಾಗುತ್ತಲೇ ಇದ್ದರು. ಪದರಗಳನ್ನು ಅಂಟಿಸುವುದೆಂದರೆ ಆ ಬೀದಿಯ ಕಿಟಕಿಗಳಿಗೆಲ್ಲ ಮೊಳೆ ಹೊಡೆದಂತೆ.

“ವೇಗ ಮಾಡಿಕೊಡ್ತೀನಿ ಸಾರ್. ಮಿತಿ ಬೇಡ.”

“ನೀನು ತಂದು ತೋರಿಸೋ ಅಂಕಿಅಂಶ ನಂಗೆ ಬೇಡಮ್ಮ. ಅತ್ತೆಯವರು ಇದೇ ಮೇಜಿನ ಮುಂದೆ ಕೂತು, ಬೇಗ ಆಯ್ತು ಅಂತ ಬಾಯಿಬಿಟ್ಟು ಹೇಳಲಿ. ಒಟ್ಟಿನಲ್ಲಿ ಹೇಳೋದಾದ್ರೆ, ತಿಂಗಳ ಕೊನೆ ತನಕ ಟೈಮು.”

ಅವರು ಎದ್ದು ಹೋದಮೇಲೆ ಅದೇ ದನಿ ಮತ್ತೆ ಕೇಳಿಸಿತು: “ಒಟ್ಟಿನಲ್ಲಿ ಹೇಳೋದಾದ್ರೆ, ಬೇಗಮ್ಮಾ, ನಿನ್ನ ನಿದ್ದೆಗೂ ಮಿತಿ ಬಿತ್ತು.” ಬೇಗಮ್ಮ ಬೆಚ್ಚಿ ತಿರುಗಿದರೆ ಗಿಣಿ.

“ನಿನ್ನ ನಾಲಿಗೆಗೆ ಮಿತಿ ಹಾಕ್ತೀನಿ ನೋಡು,” ಎನ್ನುತ್ತಲೇ ಅವಳು ಕೀಬೋರ್ಡು ಎಳೆದುಕೊಂಡಳು.

ಪದರಗಳೆಂದರೆ ಒಂದರ ಮೇಲೊಂದು ಜೋಡಿಸಿದ ಗಾಜಿನ ಹಾಳೆಗಳು ಅಂದುಕೊಳ್ಳಿ. ಹಳೆಯ ಸಾಫ್ಟ್‌ವೇರಿನ ಬುದ್ಧಿ ಹೇಗಿತ್ತೆಂದರೆ, ನಡುವಿನ ಒಂದು ಗಾಜನ್ನು ಕೂದಲೆಳೆಯಷ್ಟು ಸರಿಸಿದರೂ ತಳದಿಂದ ತುದಿಯವರೆಗೆ ಅಷ್ಟನ್ನೂ ಮತ್ತೆ ಪೇರಿಸಿ, ಒಂದೊಂದು ಚುಕ್ಕಿಯ ಬಣ್ಣವನ್ನೂ ಹೊಸದಾಗಿ ಲೆಕ್ಕ ಹಾಕುತ್ತಿತ್ತು. ಬೀರುವಿನಿಂದ ಒಂದು ಕರ್ಚೀಫು ತೆಗೆಯಲು ಇಡೀ ಬೀರುವಿನ ಬಟ್ಟೆ ಒಗೆದು, ಒಣಗಿಸಿ, ಇಸ್ತ್ರಿ ಮಾಡಿ ಮಡಿಸಿಟ್ಟ ಹಾಗೆ.

ಬೇಗಮ್ಮನ ಮೊದಲ ಉಪಾಯ ಸರಳವಾಗಿತ್ತು. ಈಗ ಕೈಯಾಡುತ್ತಿರುವ ಪದರ ಒಂದೇ ತಾನೇ? ಅದರ ಕೆಳಗಿನವನ್ನೆಲ್ಲ ಸೇರಿಸಿ ಒಂದು ಸಿದ್ಧ ಚಿತ್ರ, ಮೇಲಿನವನ್ನೆಲ್ಲ ಸೇರಿಸಿ ಇನ್ನೊಂದು ಸಿದ್ಧ ಚಿತ್ರ ಮಾಡಿ ಪಕ್ಕಕ್ಕಿಟ್ಟರಾಯಿತು. ಅತ್ತೆಯ ಪದರಗಳು ಬೇರೆಬೇರೆಯಾಗಿಯೇ ಉಳಿಯುತ್ತವೆ, ಕಂಪ್ಯೂಟರು ಮಾತ್ರ ಗುಟ್ಟಾಗಿ ಮೂರೇ ಗಾಜು ಜೋಡಿಸುತ್ತದೆ. ಕೆಳಗಿನ ಅರ್ಧ ಹೂವೆತ್ತಿದಂತೆ ನಡೆಯಿತು. ಮೇಲಿನ ಅರ್ಧ ಕೈಕೊಟ್ಟಿತು. ಕಾರಣ, ಎಲ್ಲಕ್ಕಿಂತ ಮೇಲೆ ಅತ್ತೆ ಹಾಸಿದ್ದ ಒಂದು ಸಂಜೆ ಬೆಳಕಿನ ಪದರ. ಆ ಬೆಳಕಿಗೆ ತನ್ನದೇ ಆದ ಬಣ್ಣವಿರಲಿಲ್ಲ. ಕೆಳಗಿರುವ ಬಣ್ಣವನ್ನು ನೋಡಿಕೊಂಡು ಅದನ್ನು ಕೆಂಪಾಗಿಸುವುದೇ ಅದರ ಕೆಲಸ. ಕೆಳಗಿನದನ್ನು ನೋಡದಂತೆ ಬೇರೆ ಕಟ್ಟಿಟ್ಟರೆ ಅದೇನು ಮಾಡೀತು? ಇಡೀ ಬೀದಿಯ ಮೇಲೆ ಕಿತ್ತಳೆ ಬಣ್ಣದ ಟಾರ್ಪಾಲು ಹೊದಿಸಿದಂತಾಯಿತು.

“ಸಂಜೆ ಆಗಿಲ್ಲ, ಬೀದಿಗೇ ಕಾಮಾಲೆ ಆಗಿದೆ,” ಎಂದು ವರದಿ ಒಪ್ಪಿಸಿದ ಗಿಣಿ.

ಸರಿ, ಮೇಲಿನದನ್ನು ಅಂಟಿಸುವ ಆಸೆ ಬಿಟ್ಟಳು. ಹಟ ಬಿಡಲಿಲ್ಲ. ಚಿತ್ರವನ್ನು ಚಿಕ್ಕ ಚಿಕ್ಕ ಚೌಕಗಳಾಗಿ ಕತ್ತರಿಸಿದಳು. ಯಾವ ಚೌಕದಲ್ಲಿ ಏನಾದರೂ ಅಲುಗಿದೆಯೋ ಅಲ್ಲಿ ಮಾತ್ರ ಹೊಸ ಲೆಕ್ಕ, ಮಿಕ್ಕ ಚೌಕಗಳು ಇದ್ದ ಹಾಗೇ ಇರಲಿ. ನೆಲದ ಮೇಲೆ ಒಂದು ಹನಿ ಕಾಫಿ ಚೆಲ್ಲಿದರೆ ಅಷ್ಟು ಜಾಗ ಒರೆಸಿದರೆ ಸಾಲದೇ, ಮನೆಯನ್ನೆಲ್ಲ ತೊಳೆಯಬೇಕೇ? ಈ ಸಲ ನೀಲಿ ಬಳೆ ಮೂಡುವ ಮೊದಲೇ ಕೆಲಸ ಮುಗಿಯಿತು. ಕುಣಿಯುವುದೊಂದು ಬಾಕಿ. ಪ್ರೋಗ್ರಾಮನ್ನು ಅತ್ತೆಗೆ ಕಳಿಸಿ ಫೋನಿಗಾಗಿ ಕಾದಳು.

“ಪುಟ್ಟೀ, ಬೆಕ್ಕನ್ನ ಪಕ್ಕದ ಕಿಟಕಿಗೆ ಸರಿಸಿದೆ ಕಣೇ. ಬೆಕ್ಕು ಹೋಯ್ತು, ಅದರ ನೆರಳಿನ ಚೂರು ಹಳೇ ಮನೇಲೇ ಕೂತಿದೆ. ಬಾಡಿಗೆ ಕೊಟ್ಟಿದ್ಯಾ ಅದಕ್ಕೆ?”

ಬೇಗಮ್ಮ ಹಣೆ ಚಚ್ಚಿಕೊಂಡಳು. ಬೆಕ್ಕು ಎಷ್ಟು ಅಗಲವೋ ಅಷ್ಟು ಚೌಕಗಳನ್ನಷ್ಟೇ ಅವಳು ಲೆಕ್ಕಕ್ಕೆ ಹಿಡಿದಿದ್ದಳು. ನೆರಳು ಅಂಚಿನಲ್ಲಿ ಮಸುಕಾಗಿ ಹರಡಿ ನೆರೆಮನೆಯ ಚೌಕಕ್ಕೂ ಕಾಲು ಚಾಚಿತ್ತು. ಚಾಚಿದ ಕಾಲಿನಷ್ಟು ಗಡಿಯನ್ನು ಹಿಗ್ಗಿಸಿದಳು. ನೆರಳು ತೆಪ್ಪಗೆ ಬೆಕ್ಕಿನ ಹಿಂದೆ ಹೊರಟಿತು. ಮತ್ತೆ ಕಳಿಸಿದಳು.

“ಈಗ ಹೇಗಿದೆ ಅತ್ತೆ?”

“ನೆರಳು ಸರಿಹೋಯ್ತು.”

“ವೇಗ?”

“ವೇಗಾನಾ? ಹಾಗೇ ಇದೆ ಕಣೇ.”

ಹಾಗೇ ಇದೆಯೇ! ಇವಳ ಮೇಜಿನ ಮೇಲೆ ಮಿಂಚಿನಂತೆ ಓಡುವುದು ಅತ್ತೆಯ ಮನೆಯಲ್ಲಿ ಬಸವನಹುಳುವೇ? ಬೇಗಮ್ಮ ಇನ್ನಷ್ಟು ತಿದ್ದಿದಳು. ಒಂದೇ ಹೊತ್ತಿಗೆ ಹಲವು ಚೌಕಗಳ ಲೆಕ್ಕ ಜೊತೆಜೊತೆಗೆ ನಡೆಯುವ ಹಾಗೆ ಮಾಡಿದಳು. ಅಡಗಿಸಿಟ್ಟ ಪದರಗಳ ಕಡೆ ಕಂಪ್ಯೂಟರು ಕಣ್ಣೆತ್ತಿಯೂ ನೋಡದ ಹಾಗೆ ಮಾಡಿದಳು. ಪ್ರತಿ ಸಲವೂ ಅತ್ತೆಯದು ಅದೇ ರಾಗ: “ಚೆನ್ನಾಗಿದೆ ಪುಟ್ಟಿ. ಆದ್ರೆ ಹಾಗೇ ಇದೆ.” ಆ ‘ಹಾಗೇ ಇದೆ’ ಎಷ್ಟು ಸಲ ಬಂತೆಂದರೆ ಗಿಣಿಗೆ ಅದು ಬಾಯಿಪಾಠವಾಗಿ, ಅತ್ತೆಯದೇ ದನಿಯಲ್ಲಿ ಊಟಕ್ಕೆ ಮೊದಲೊಮ್ಮೆ, ಊಟವಾದ ಮೇಲೊಮ್ಮೆ ಹೇಳತೊಡಗಿದ.

“ಬಾಯಿ ಮುಚ್ಚು. ನಾನೇ ಹೋಗಿ ನೋಡ್ತೀನಿ,” ಎಂದು ಚಪ್ಪಲಿ ಮೆಟ್ಟಿದಳು ಬೇಗಮ್ಮ.

ಅತ್ತೆಯ ಕೋಣೆಯಲ್ಲಿ ಕಿಟಕಿಗೆ ಅಡ್ಡಲಾಗಿ ಮೇಜು, ಮೇಜಿನ ಮೇಲೆ ದೊಡ್ಡ ಪರದೆ, ಎಡಗಡೆ ಸ್ಟೂಲಿನ ಮೇಲೆ ಬೂದುಬಣ್ಣದ ಉಣ್ಣೆಯ ಉಂಡೆ. ಅತ್ತೆ ಮುಡಿಗೆ ಪೆನ್ಸಿಲು ಸಿಕ್ಕಿಸಿಕೊಂಡು ಕೂತಿದ್ದರು. ಬೇಗಮ್ಮ ಸದ್ದಿಲ್ಲದೆ ಹಿಂದೆ ನಿಂತಳು. ಅತ್ತೆ ಕಿಟಕಿಯೊಂದನ್ನು ಸರಿಸಿದರು. ಮೌಸು ಟಿಕ್ ಎಂದಿತು. ಆ ಟಿಕ್ಕಿನ ಜೊತೆಗೇ ಅತ್ತೆ ಬೆನ್ನು ತಿರುಗಿಸಿ, ಸ್ಟೂಲಿನ ಮೇಲಿದ್ದ ಹೆಣಿಗೆ ಎತ್ತಿಕೊಂಡು, ಒಂದು ಸಾಲು ನೆಮ್ಮದಿಯಾಗಿ ಹೆಣೆದು, ಕಡ್ಡಿ ಕೆಳಗಿಟ್ಟು, ಪರದೆಯ ಕಡೆ ತಿರುಗಿದರು. ಕಿಟಕಿ ಅವರು ಬೆನ್ನು ತಿರುಗಿಸುವ ಮೊದಲೇ ಹೊಸ ಜಾಗದಲ್ಲಿ ಕೂತಿತ್ತು.

“ಹೂಂ, ಬಂತು,” ಎಂದರು ಅತ್ತೆ, ತಮಗೆ ತಾವೇ.

ಮತ್ತೆ ಟಿಕ್. ಮತ್ತೆ ಬೆನ್ನು. ಮತ್ತೊಂದು ಸಾಲು.

ನೀಲಿ ಬಳೆಯನ್ನು ನೋಡಿದರೆ ತಲೆ ಸುತ್ತುತ್ತದೆ ಎಂದು ಎಂದೋ ಮುಖ ತಿರುಗಿಸಲು ಶುರುಮಾಡಿದ್ದರು. ತಿರುಗಿದ ಮೇಲೆ ಕೈ ಸುಮ್ಮನಿರಲಿಲ್ಲ, ಹೆಣಿಗೆ ಬಂತು. ಹೀಗೆ ಕಾದು ಕಾದು ಹೆಣೆದ ಮಫ್ಲರು ಸ್ಟೂಲಿನಿಂದಿಳಿದು, ಮೇಜಿನ ಕೆಳಗೆ ಎರಡು ಸುತ್ತು ಹಾಕಿ, ಬಾಗಿಲಿನ ಕಡೆ ಮುಖ ಮಾಡಿತ್ತು. ಜಿರಾಫೆಗೂ ದೊಗಲೆಯಾಗುವಷ್ಟು ಉದ್ದ. ಕಂಪನಿಯ ಸೋಮಾರಿತನವೆಲ್ಲ ಅಲ್ಲಿ ಉಣ್ಣೆಯಾಗಿ ಬಿದ್ದಿತ್ತು.

“ಅತ್ತೇ! ನೀವು ಆ ಕಡೆ ತಿರುಗ್ತೀರಲ್ಲ, ಅಷ್ಟರಲ್ಲಿ ಕೆಲಸ ಮುಗಿದುಹೋಗಿರುತ್ತೆ!”

“ಯಾರು ತಿರುಗಿದ್ದು?”

“ನೀವೇ. ಈಗ ತಾನೇ.”

“ಸುಮ್ನಿರೇ. ಚಿತ್ರ ಬರೆಯೋವಾಗ ಚಿತ್ರ ಬಿಟ್ಟು ಬೇರೆ ಕಡೆ ನೋಡೋಳೇ ಅಲ್ಲ ನಾನು.” ಇಷ್ಟು ಹೇಳುವಾಗಲೇ ಟಿಕ್ ಎನ್ನಿಸಿ, ಬೆನ್ನು ತಿರುಗಿಸಿ, ಕಡ್ಡಿ ಎತ್ತಿಕೊಂಡಿದ್ದರು.

ಹೇಳಿ ಫಲವಿಲ್ಲ ಎಂದು ಬೇಗಮ್ಮನಿಗೆ ಗೊತ್ತಾಯಿತು. ಒತ್ತಾಯಿಸಿ ನೋಡುವಂತೆ ಮಾಡಿದರೆ ಸೋದರಸೊಸೆಯ ಮೇಲಿನ ಪ್ರೀತಿಗೆ ‘ಹೂಂ, ಬೇಗ ಆಯ್ತು’ ಅಂದಾರು. ಆ ದಾಕ್ಷಿಣ್ಯದ ಮಾತನ್ನು ಯಜಮಾನರು ಒಂದೇ ಏಟಿಗೆ ಗುರುತು ಹಿಡಿಯುತ್ತಾರೆ. ಸಾಕ್ಷಿಗಿರಲಿ ಎಂದು ಅತ್ತೆಯ ಬೆನ್ನಿನದೊಂದು ಫೋಟೋ ತೆಗೆದುಕೊಂಡು ಆಫೀಸಿಗೆ ಹಿಂತಿರುಗಿದಳು.

ಫೋಟೋ ನೋಡಿದ ಗಿಣಿಯ ಕಣ್ಣು ಮಿನುಗಿತು. “ಅತ್ತೆ ಅತ್ತ ತಿರುಗಿದಾಗ ಇತ್ತ ಏನು ಬೇಕಾದ್ರೂ ನಡೀಬಹುದು ಅಂದಂಗಾಯ್ತು.”

“ಅಂದ್ರೆ?”

“ಇದೇ ಬೆನ್ನನ್ನ ಕತ್ತರಿಸಿ ಅವರ ಚಿತ್ರದ ಎಲ್ಲಾ ಕಿಟಕಿಗೂ ಕೂರಿಸೋಣ. ಅವರು ತಿರುಗಿದ ತಕ್ಷಣ ಕಿಟಕಿ ತುಂಬಾ ಹೆಣೆಯೋ ಅತ್ತೆಯಂದಿರು. ಈ ಕಡೆ ತಿರುಗೋದ್ರೊಳಗೆ ಎಲ್ಲರೂ ಮಾಯ. ಎದುರಿಗೆ ಕೂತ ಯಜಮಾನ್ರ ಕಣ್ಣಿಗೇ ಬೀಳುತ್ತೆ ವೇಗ. ಇನ್ನೊಂದು ಕೀಬೋರ್ಡು ನನ್ನ ತೊಡೆ ಮೇಲೆ.”

ಬೇಗಮ್ಮ ನಗಲಿಲ್ಲ. ಅವಳ ತಲೆ ಆಗಲೇ ಬೇರೆ ಲೆಕ್ಕದಲ್ಲಿತ್ತು. ಒಂದು ಕಿಟಕಿ ಸರಿಸುವುದು ನಾಲ್ಕಾರು ಚೌಕದ ಮಾತು. ಎಲ್ಲ ಕಿಟಕಿಗಳೂ ಒಟ್ಟಿಗೆ ಬದಲಾಗುವುದೆಂದರೆ ಇಡೀ ಬೀದಿ ಹೊಸದಾಗಬೇಕು, ಅದೂ ಅತ್ತೆ ಕತ್ತು ತಿರುಗಿಸುವಷ್ಟರಲ್ಲಿ. ಇದಕ್ಕಿಂತ ಕಠಿಣ ಪರೀಕ್ಷೆಯನ್ನು ಯಜಮಾನರೂ ಯೋಚಿಸಿರಲಾರರು.

“ಮಾಡೋಣ,” ಅಂದಳು.

ಚಿತ್ರದ ಒಂದು ನಕಲಿಗೆ ಬೆನ್ನುಗಳನ್ನು ಕೂರಿಸಿ ಗುಂಡಿ ಒತ್ತಿದರು. ಅತ್ತೆಯಂದಿರು ಒಬ್ಬೊಬ್ಬರಾಗಿ, ಮದುವೆ ಮನೆಗೆ ಬರುವ ನೆಂಟರಂತೆ ಬಂದರು. ಹೋಗುವಾಗ ಇನ್ನೂ ನಿಧಾನ. ಮೂಲೆಯ ಕಿಟಕಿಯಲ್ಲೊಬ್ಬರು ‘ಇನ್ನೊಂದು ಸಾಲು ಮುಗಿಸಿ ಹೋಗ್ತೀನಿ’ ಎನ್ನುವಂತೆ ಕೂತೇ ಇದ್ದರು.

“ಸಿಕ್ಕಿಬಿದ್ವಿ,” ಎಂದ ಗಿಣಿ. “ಎರಡೇ ಕಿಟಕಿ ಸಾಕು ಬಿಡು, ಅಷ್ಟಾದ್ರೆ ಸಲೀಸು.”

“ಎಲ್ಲಾ ಕಿಟಕೀನೂ ಬೇಕು.”

ಅವಳು ಪರದೆಗೆ ಮೂಗು ತಾಗುವಷ್ಟು ಬಾಗಿ ನೋಡಿದಳು. ಚಾವಣಿಯ ಚಿತ್ರ ಚಾವಣಿಯಷ್ಟೇ ದೊಡ್ಡದು. ಪರದೆಯ ಮೇಲೆ ಕಾಣುವುದು ಅಂಗೈಯಗಲದ ಬೀದಿ. ಕಂಪ್ಯೂಟರು ಪಾಪ, ಇಡೀ ಚಾವಣಿಗೆ ಬಣ್ಣ ಬಳಿದು, ಅದನ್ನು ಕುಗ್ಗಿಸಿ ಅಂಗೈಗೆ ತರುತ್ತಿತ್ತು! ತಿರುಗಿಸಿ ಹಾಕಿದರೆ? ಪ್ರತಿ ಪದರದ್ದೂ ಒಂದೊಂದು ಚಿಕ್ಕ ಪ್ರತಿ ಮೊದಲೇ ಮಾಡಿಟ್ಟುಕೊಂಡರೆ, ಕಣ್ಣಿಗೆ ಕಾಣುವ ಅಳತೆಯಲ್ಲಿ ಮೊದಲು ಲೆಕ್ಕ, ಪೂರ್ತಿ ಅಳತೆಯ ಲೆಕ್ಕ ಆಮೇಲೆ, ಹಿಂದಿನಿಂದ, ಯಾರಿಗೂ ತೊಂದರೆ ಕೊಡದೆ. ಬರೆದಳು, ಅಳಿಸಿದಳು, ಮತ್ತೆ ಬರೆದಳು. ಚಿಕ್ಕ ಪ್ರತಿಯಿಂದ ದೊಡ್ಡದಕ್ಕೆ ಹೋಗುವಾಗ ಕಿಟಕಿಗಳು ಒಮ್ಮೆ ಮಿಟುಕಿದವು. ಅದನ್ನೂ ಬೆನ್ನಟ್ಟಿ ಹಿಡಿದಳು. ದಿನಗಳುರುಳಿದವು, ಕಾಫಿ ತಣ್ಣಗಾಯಿತು, ಗಿಣಿಯ ಬಾಯಿ ಕೂಡ ಗೌರವದಿಂದ ಮುಚ್ಚಿತು. ಕೊನೆಗೊಂದು ಮಧ್ಯಾಹ್ನ ಗುಂಡಿ ಒತ್ತಿದಾಗ ಅತ್ತೆಯಂದಿರು ಒಂದೇ ರೆಪ್ಪೆಬಡಿತಕ್ಕೆ ಬಂದು, ಇನ್ನೊಂದು ರೆಪ್ಪೆಬಡಿತಕ್ಕೆ ಹೋದರು.

ತಿಂಗಳ ಕೊನೆಯ ದಿನ ಅತ್ತೆ ಮಹಡಿ ಹತ್ತಿ ಬಂದರು. ಚೀಲದಲ್ಲಿ ಮಫ್ಲರು, ಮುಡಿಯಲ್ಲಿ ಪೆನ್ಸಿಲು. ದೊಡ್ಡ ಮೇಜಿನ ಮುಂದೆ, ಪರದೆಗೆ ಎದುರಾಗಿ ಅವರನ್ನು ಕೂರಿಸಿದರು. ಅತ್ತೆಯ ಎಡಗಡೆಗೆ, ಅಂದರೆ ಅವರು ತಿರುಗುವ ಕಡೆಗೆ, ಯಜಮಾನರ ಕುರ್ಚಿ. ಯಜಮಾನರ ಮೂಗಿನ ಮೇಲೆ ತಟ್ಟೆಯಗಲದ ಕನ್ನಡಕ. ಬಲಮೂಲೆಯಲ್ಲಿ ಸಾಧು ಪ್ರಾಣಿಯಂತೆ ಗಿಣಿ, ಎರಡೂ ಕೈ ಮೇಜಿನ ಕೆಳಗೆ. ಹಿಂದೆ ನಿಂತಿದ್ದ ಬೇಗಮ್ಮನಿಗೆ ಮೈಯೆಲ್ಲ ಕಣ್ಣು.

“ಡಾಕ್ಟರಿಗೆ ಈಗ ಆಕಳಿಸೋ ಬೆಕ್ಕು ಬೇಕಂತೆ,” ಎಂದರು ಅತ್ತೆ. “ಅದನ್ನ ನೋಡಿ ಪೇಷೆಂಟುಗಳೂ ಆಕಳಿಸ್ತಾರೆ, ಬಾಯಿ ತೆಗೀರಿ ಅಂತ ಗೋಗರೆಯೋದು ತಪ್ಪುತ್ತೆ ಅಂತ ಲೆಕ್ಕ.”

ಬೆಕ್ಕನ್ನು ಹಿಡಿದು ಕಿಟಕಿಗೆ ತಂದರು. ಟಿಕ್. ಬೆನ್ನು ತಿರುಗಿತು, ಕಡ್ಡಿ ಕೈಗೆ ಬಂತು. ಪರದೆಯ ಮೇಲೆ ಇಡೀ ಬೀದಿ ತುಂಬ, ಒಂದು ಕಿಟಕಿಯನ್ನೂ ಬಿಡದೆ, ಪೆನ್ಸಿಲು ಸಿಕ್ಕಿಸಿದ ಮುಡಿಗಳು ಮೂಡಿದವು. ಯಜಮಾನರ ಹುಬ್ಬು ಕನ್ನಡಕ ದಾಟಿ ಮೇಲೇರಿತು. ಸಾಲು ಮುಗಿಸಿ ಅತ್ತೆ ತಿರುಗಿದರು. ಬೀದಿಯಲ್ಲಿ ಆಕಳಿಸುವ ಬೆಕ್ಕು, ಎಂದಿನ ಬಾಡಿಗೆದಾರರು.

“ಹೂಂ, ಬಂತು. ಹಾಗೇ ಇದೆ.”

ಯಜಮಾನರು ನಗುವನ್ನು ಕೆಮ್ಮಿಗೆ ಬದಲಾಯಿಸಿಕೊಂಡರು. ಬೇಗಮ್ಮ ಮಾತ್ರ ನಗಲಿಲ್ಲ. ಯಾವುದಾದರೂ ಮೂಲೆಯಲ್ಲಿ ಒಂದು ಮುಡಿ ಉಳಿದುಬಿಟ್ಟರೆ ಇಷ್ಟು ದಿನದ ಕೆಲಸ ಮಣ್ಣುಪಾಲು. ಎರಡನೆಯ ಸಲವೂ ಒಂದೂ ಉಳಿಯಲಿಲ್ಲ. ಮೂರನೆಯ ಸಲ ಅತ್ತೆ ಸಾಲಿನ ನಡುವೆ ಕಡ್ಡಿ ನಿಲ್ಲಿಸಿದರು. ಅವರ ನೋಟ ಯಜಮಾನರ ಕನ್ನಡಕದ ಮೇಲೆ ನೆಟ್ಟಿತ್ತು. ಆ ಎರಡು ತಟ್ಟೆಗಳಲ್ಲೂ ಎರಡು ಪುಟ್ಟ ಬೀದಿಗಳು, ಬೀದಿ ತುಂಬ ಏನೋ ಬೂದುಬೂದು.

“ಪುಟ್ಟೀ, ಆ ಉಂಡೆ ಸ್ವಲ್ಪ ಕೊ…” ಎನ್ನುತ್ತಾ, ಮಾತು ಮುಗಿಸದೆ ಸರ್ರನೆ ಪರದೆಗೆ ತಿರುಗಿದರು.

ಬರೀ ಬೀದಿ. ಬೆಕ್ಕು ಆಕಳಿಸುತ್ತಿತ್ತು.

ಅತ್ತೆ ಮತ್ತೆ ಕನ್ನಡಕಕ್ಕೆ ತಿರುಗಿದರು, ಬೂದು. ಪರದೆಗೆ ತಿರುಗಿದರು, ಬೀದಿ. ಆ ಕಡೆ, ಈ ಕಡೆ, ಆ ಕಡೆ, ಈ ಕಡೆ. ಕತ್ತು ಉಳುಕುವುದೊಂದು ಬಾಕಿ. ಗಿಣಿಯ ಬೆರಳೂ ಸೋಲಲಿಲ್ಲ, ಕಂಪ್ಯೂಟರೂ ಸೋಲಲಿಲ್ಲ. ಕೊನೆಗೆ ಅತ್ತೆ ಹೆಣಿಗೆಯನ್ನು ಮೇಜಿನ ಮೇಲೆ ಕುಕ್ಕಿ ಕೂಗಿದರು: “ಅಲ್ರೋ, ಅಲ್ಲೇನೋ ಇತ್ತು! ಇಷ್ಟು ಬೇಗ ಅದು ಹೇಗೆ ಮಾಯ ಆಗತ್ತೆ? ಕಣ್ಣು ಹಾಯಿಸೋಷ್ಟೂ ಬಿಡುವಿಲ್ವಲ್ಲ!”

ಬೇಗಮ್ಮ ಯಜಮಾನರ ಕಡೆ ನೋಡಿದಳು.

“ಒಟ್ಟಿನಲ್ಲಿ ಹೇಳೋದಾದ್ರೆ,” ಎಂದರು ಯಜಮಾನರು, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಾ, “ಬೇಗ ಅಂತ ಅತ್ತೆಯವರು ಬಾಯಿಬಿಟ್ಟು ಹೇಳಿದ್ರು. ಮಿತಿ ಇಲ್ಲ.”

“ಮಿತಿ ಮನೆ ಹಾಳಾಗ್ಲಿ, ನಂಗೆ ಮೊದಲು ಅದೇನು ತೋರ್ಸಿ!”

ಗಿಣಿ ಬೇಗಮ್ಮನ ಮುಖ ನೋಡಿದ. ಅವಳು ತಲೆಯಾಡಿಸಿದಳು. ಗುಂಡಿ ಒತ್ತಿ ಹಿಡಿದ.

ಅತ್ತೆ ಎವೆಯಿಕ್ಕದೆ ನೋಡಿದರು. ಇಡೀ ಬೀದಿಯಲ್ಲಿ ಒಬ್ಬರಾದರೂ ಈ ಕಡೆ ಮುಖ ಮಾಡಿರಲಿಲ್ಲ. ಪ್ರತಿ ಕಿಟಕಿಯಲ್ಲೂ ಅದೇ ಮುಡಿ, ಅದೇ ಪೆನ್ಸಿಲು, ಅದೇ ಬಾಗಿದ ಬೆನ್ನು, ಹೆಗಲಾಚೆ ಇಣುಕುವ ಹೆಣಿಗೆಯ ಕಡ್ಡಿ. ಅವರು ನಿಧಾನವಾಗಿ ಮುಡಿಗೆ ಕೈ ಹಾಕಿ ಪೆನ್ಸಿಲು ಮುಟ್ಟಿ ನೋಡಿಕೊಂಡರು. ಗಿಣಿಯ ಬೆರಳು ಗುಂಡಿಯ ಮೇಲೆಯೇ ಮರಗಟ್ಟಿತು.

“ಇದು ನಾನಾ?”

“ಹೂಂ ಅತ್ತೆ.”

“ಪ್ರತಿ ಸಲಾನೂ ಹೀಗೇ ತಿರುಗ್ತೀನಾ?”

“ಪ್ರತಿ ಸಲಾನೂ.”

ಅತ್ತೆ ಮೌಸು ಹಿಡಿದು ಒಂದು ಕಿಟಕಿಯನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿದರು. ಟಿಕ್. ಕತ್ತು ತಾನಾಗಿ ಎಡಕ್ಕೆ ಹೊರಟಿತು. ಅರ್ಧ ದಾರಿಯಲ್ಲಿ ಅದನ್ನು ಹಿಡಿದು ನಿಲ್ಲಿಸಿ, ಬಲವಂತವಾಗಿ ಪರದೆಯ ಕಡೆ ತಂದರು. ಕಿಟಕಿ ಆಗಲೇ ಹೊಸ ಜಾಗದಲ್ಲಿತ್ತು, ನೆರಳೂ ಜೊತೆಯಲ್ಲೇ. ಅತ್ತೆ ಕಾಲ ಬುಡದಲ್ಲಿ ಸುರುಳಿ ಸುತ್ತಿದ್ದ ಮಫ್ಲರನ್ನು ನೋಡಿದರು, ಬೀದಿ ತುಂಬ ಕೂತಿದ್ದ ತಮ್ಮ ಬೆನ್ನುಗಳನ್ನು ನೋಡಿದರು.

“ಅಯ್ಯೋ ನಿನ್ನ! ಹಾಗಾದ್ರೆ ಇದನ್ನ ಮುಗಿಸೋದು ಯಾವಾಗ್ಲೇ ನಾನು?”

ಅಷ್ಟಂದವರೇ ನಗತೊಡಗಿದರು. ಮೊದಲು ಹೆಗಲು ಕುಣಿಯಿತು, ಆಮೇಲೆ ಕುರ್ಚಿ, ಆಮೇಲೆ ಮೇಜು. ಬೇಗಮ್ಮ ನಕ್ಕಳು, ಗಿಣಿ ನಕ್ಕ, ಯಜಮಾನರು ಪೀಠಿಕೆಯಿಲ್ಲದೆ ನೇರವಾಗಿ ನಕ್ಕರು. ಆದರೆ ಎಲ್ಲರ ನಗುವಿನ ಮೇಲೂ ಅತ್ತೆಯ ನಗು ಎಲ್ಲಕ್ಕಿಂತ ಮೇಲಿನ ಪದರದಂತೆ ಹರಡಿಕೊಂಡಿತು. ಕೆಳಗಿನ ಅಂಗಡಿಯವನು ಪಂಪು ಹೊಡೆಯುವುದನ್ನು ಬಿಟ್ಟು ತಲೆಯೆತ್ತಿ ನೋಡಿದ. ಹಲ್ಲಿನ ಡಾಕ್ಟರು ಅಲ್ಲಿದ್ದಿದ್ದರೆ, ಬಾಯಿ ತೆಗೀರಿ ಎನ್ನದೆಯೇ, ಅತ್ತೆಯ ಅಷ್ಟೂ ಹಲ್ಲುಗಳನ್ನು ಒಂದೇ ನೋಟಕ್ಕೆ ಎಣಿಸಿಬಿಡುತ್ತಿದ್ದರು.